ಒಂದು ಹನಿ ರಕ್ತ

ಹಾಲಿಗೆ ನೀರು ಬೆರೆಸಿದರೆ ಡೈರಿಯಲ್ಲಿ ಗೊತ್ತಾಗುತ್ತದೆ. ಹಾಲಿನಲ್ಲಿ ಗಾಜಿನ ಕೊಳವೆ ತೇಲಿಬಿಡುತ್ತಾರೆ. ನೀರು ಬೆರೆತಿದ್ದರೆ ಅದು ಹೆಚ್ಚು ಮುಳುಗುತ್ತದೆ. ಇದನ್ನು ನಾವೆಲ್ಲ ನೋಡಿದ್ದೇವೆ.

ನಮ್ಮ ರಕ್ತವನ್ನೂ ಅಳೆಯಬಹುದು. ಒಂದು ಹನಿ ಸಾಕು.

ರಕ್ತಕ್ಕೆ ಕೆಂಪು ಬಣ್ಣ ಕೊಡುವುದು ಹಿಮೋಗ್ಲೋಬಿನ್. ಅದರಲ್ಲಿ ಕಬ್ಬಿಣದ ಅಂಶ ಇದೆ. ನಾವು ಎಳೆದುಕೊಂಡ ಉಸಿರನ್ನು ಮೈಗೆಲ್ಲ ಮುಟ್ಟಿಸುವುದು ಅದೇ. ಅದು ಕಡಿಮೆಯಾದರೆ ಸುಸ್ತು, ಏದುಸಿರು, ತಲೆ ಸುತ್ತು. ತೊಗರಿ ಹೊಲದಲ್ಲಿ ನಿಂತಲ್ಲೇ ಕಣ್ಣಿಗೆ ಕತ್ತಲೆ ಬರುತ್ತದೆ. "ಬಿಸಿಲು ಬಡಿದದ" ಅಂತೀವಿ. ಕಲಬುರಗಿ ಬಿಸಿಲನ್ನೇ ಎಷ್ಟಂತ ಬೈಯೋದು? 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ನೋಡಿ. ಕರ್ನಾಟಕದಲ್ಲಿ 15ರಿಂದ 49 ವರ್ಷದ 100 ಹೆಂಗಸರಲ್ಲಿ ಸುಮಾರು 48 ಮಂದಿಗೆ ರಕ್ತ ಕಡಿಮೆ ಇತ್ತು.

ರಕ್ತದಾನದ ಕಡೆ ಒಂದು ಹಳೆಯ ಪದ್ಧತಿ ಇದೆ. ಮೈಲುತುತ್ತ ಕರಗಿಸಿದ ನೀಲಿ ನೀರಿಗೆ ಒಂದು ಹನಿ ರಕ್ತ ಬಿಡುತ್ತಾರೆ. ಹನಿ ಬೇಗ ಮುಳುಗಿದರೆ ರಕ್ತ ಸಾಕಷ್ಟಿದೆ. ತೇಲಿದರೆ ಕಡಿಮೆ. ಎಷ್ಟು ಕಡಿಮೆ? ಅದನ್ನು ನೀಲಿ ನೀರು ಹೇಳುವುದಿಲ್ಲ.

ಅದನ್ನು ಹೇಳುವುದು ಅಂಗೈಯಲ್ಲಿ ಹಿಡಿಯುವಂಥ ಒಂದು ಯಂತ್ರ. ಅದರ ಜೊತೆ ಚಿಕ್ಕ ಪ್ಲಾಸ್ಟಿಕ್ ಪಟ್ಟಿ ಇರುತ್ತದೆ. ಪಟ್ಟಿಯಲ್ಲಿ ಕೂದಲೆಳೆಯಷ್ಟು ಕಿರಿದಾದ ಸಂದು. ಬೆರಳು ಚುಚ್ಚಿ ಪಟ್ಟಿಯನ್ನು ಹನಿಗೆ ತಾಗಿಸಿದರೆ ರಕ್ತ ತಾನೇ ಒಳಗೆ ಹೋಗುತ್ತದೆ. ದೀಪದ ಬತ್ತಿ ಎಣ್ಣೆ ಹೀರುವುದಿಲ್ಲವೇ? ಹಾಗೆಯೇ. ಯಂತ್ರ ಅದರ ಮೂಲಕ ಬೆಳಕು ಹಾಯಿಸುತ್ತದೆ. ಹಿಮೋಗ್ಲೋಬಿನ್ ಹೆಚ್ಚಿದ್ದರೆ ಬೆಳಕು ಹೆಚ್ಚು ತಡೆಯುತ್ತದೆ. ಸ್ವಲ್ಪ ಹೊತ್ತಿನಲ್ಲೇ ಅಂಕಿ ಕಾಣುತ್ತದೆ. 100 ಮಿಲಿ ರಕ್ತದಲ್ಲಿ ಎಷ್ಟು ಗ್ರಾಂ ಹಿಮೋಗ್ಲೋಬಿನ್ ಇದೆ ಎಂಬುದೇ ಆ ಅಂಕಿ.

ಬೆರಳನ್ನು ಜೋರಾಗಿ ಹಿಂಡಬಾರದು. ಹಿಂಡಿದರೆ ಮೈಯ ನೀರು ರಕ್ತಕ್ಕೆ ಸೇರಿ ಅಂಕಿ ತಪ್ಪಾಗುತ್ತದೆ. ಹಾಲಿಗೆ ನೀರು ಬೆರೆತ ಹಾಗೆ! "ಹಿಂಡಬ್ಯಾಡ್ರಿ ಸಿಸ್ಟರ್" ಅಂತ ನಾವು ಧೈರ್ಯವಾಗಿ ಹೇಳಬಹುದು.

ಹೆಂಗಸರಿಗೆ 12 ಇರಬೇಕು. ಬಸುರಿಗೆ 11 ಆದರೂ ಇರಬೇಕು. ಬಸುರಿಗೆ 7ಕ್ಕಿಂತ ಕಡಿಮೆ ಬಂದರೆ ತಾಯಿ ಕೂಸು ಇಬ್ಬರ ಜೀವಕ್ಕೂ ಅಪಾಯ.

ಕಮಲಾಪುರದ ಕಡೆಯ ನಮ್ಮ ಒಬ್ಬ ತಂಗಿ ಆರು ತಿಂಗಳ ಬಸುರಿ. ಹೊಸದಾಗಿ ಓದು ಕಲಿತವಳು. ಒಂದು ಕಡೆ ತಪಾಸಣೆಗೆ ಹೋದಳು. ಅಂದು ಜನ ಬಹಳ. ಚೀಟಿ ಕೊಟ್ಟರು, ಏನೂ ಹೇಳಲಿಲ್ಲ. ಇವಳೇ ಓದಿದಳು. "ನೂರಕ್ಕ 68 ಬಂದದ, ಪಾಸಾದೆ!" ಎಂದು ನಕ್ಕಳು. ಚೀಟಿಯನ್ನು ಟ್ರಂಕಿನಲ್ಲಿಟ್ಟಳು.

ವಾರದ ಮೇಲೆ ಆ ಚೀಟಿಯನ್ನು ನಮಗೆ ತೋರಿಸಿದಳು. ಅಂಕಿಗಳ ನಡುವೆ ಒಂದು ಚುಕ್ಕೆ ಇತ್ತು. 6.8. ಆರು, ಮೇಲೆ ಸ್ವಲ್ಪ. ಏಳೂ ಇಲ್ಲ.

ಅಂದೇ ಅವಳನ್ನು ಕಲಬುರಗಿಯ ದೊಡ್ಡ ದವಾಖಾನೆಗೆ ಕರೆದುಕೊಂಡು ಹೋದೆವು. ಅಲ್ಲಿ ರಕ್ತ ಏರಿಸಿದರು. ಆಮೇಲೆ ಕಬ್ಬಿಣದ ಗುಳಿಗಿ ಕೊಟ್ಟರು. ಚಹಾದ ಜೊತೆ ನುಂಗಬೇಡ, ಗುಳಿಗಿಯ ಗುಣ ಮೈಗೆ ಹತ್ತುವುದಿಲ್ಲ ಎಂದರು.

ಮುಂದಿನ ತಿಂಗಳು ಮತ್ತೆ ಬೆರಳು ಚುಚ್ಚಿದರು. ನರ್ಸು ಬಾಯಿ ತೆರೆಯುವ ಮೊದಲೇ ತಂಗಿ ಯಂತ್ರದ ಕಡೆ ಬಗ್ಗಿದಳು.

"ಚುಕ್ಕಿ ಎಲ್ಲದರೀ ಸಿಸ್ಟರ್?"

10.1 ಇತ್ತು. ತಾಯಿ ಕಾರ್ಡಿನಲ್ಲಿ ಅದನ್ನು ಅವಳೇ ಬರೆದಳು.