ಆರೋಗ್ಯ ಪ್ರಶ್ನೋತ್ತರ: ಮೊದಲು ಕಿವಿ ತೋರಿಸಿ, ಹಟ ಅನ್ನುವುದು ಆಮೇಲೆ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಆಟಿಸಂ, ಎಡಿಎಚ್‌ಡಿ ಇರುವ ಮಕ್ಕಳ ಮನೆಗಳಿಂದ ಬಂದಿವೆ. ಬಿ.ಪಿ., ಮೊಣಕಾಲು ನೋವಿನ ಪತ್ರಗಳನ್ನು ಮುಂದಿನ ಸಂಚಿಕೆಗೆ ಇಟ್ಟಿದ್ದೇನೆ. ಬರೆದವರು ಕ್ಷಮಿಸಬೇಕು.

ಪ್ರಶ್ನೆ: ಡಾಕ್ಟರ್ ಸಾಹೇಬ್ರ, ನನ್ನ ಮೊಮ್ಮಗಗ ಮೂರು ವರ್ಷ ತುಂಬೇತಿ. ಇನ್ನೂ ‘ಅವ್ವಾ’ ಅಂದಿಲ್ಲ. ಹೆಸರ ಹಿಡದು ಕರದ್ರ ಹೊಳ್ಳಿ ನೋಡೂದಿಲ್ಲ. ಟಿವ್ಯಾಗ ಜಾಹೀರಾತು ಬಂದ್ರ ಮಾತ್ರ ಎಲ್ಲಿದ್ರೂ ಓಡಿ ಬರತಾನ, ಅಂದ್ರ ಕಿವಿ ಚಲೋ ಅದಾವು. ಅವರಪ್ಪನೂ ತಡಾ ಮಾಡೇ ಮಾತಾಡಿದ್ದ. ದಿನಾ ಬಜಿ ತೇದು ನಾಲಿಗಿಗೆ ಹಚ್ಚತೀನಿ. ನಾಲಿಗಿ ಕೆಳಗಿನ ನರ ಕತ್ತರಿಸಿದ್ರ ಮಾತು ಬರತೈತಿ ಅಂತಾರ, ಖರೇನ? (ಹೆಸರು ಬೇಡ, ಬಾದಾಮಿ)

ಉತ್ತರ: ಅಮ್ಮಾ, ಕಿವಿ ಚೆನ್ನಾಗಿವೆ ಎಂದು ನೀವು ತೀರ್ಮಾನ ಮಾಡಬೇಡಿ, ಬರೀ ಕಣ್ಣಿನಿಂದ ನೋಡಿ ನಾನೂ ಮಾಡುವುದಿಲ್ಲ. ಕೆಲವು ಮಕ್ಕಳಿಗೆ ದಪ್ಪ ಸದ್ದು ಕೇಳಿಸುತ್ತದೆ. ‘ಸ’, ‘ಶ’ದಂಥ ಸಣ್ಣ ಸದ್ದು ಕೇಳಿಸುವುದಿಲ್ಲ. ಅಂಥ ಮಗು ಬಾಗಿಲು ಬಡಿದರೆ ತಿರುಗುತ್ತದೆ, ಟಿವಿಗೆ ಓಡಿ ಬರುತ್ತದೆ, ಆದರೆ ಮಾತು ಮಾತ್ರ ಅದಕ್ಕೆ ಕಲಸಿ ಹೋಗಿ ಕೇಳಿಸುತ್ತದೆ. ತಟ್ಟೆ ಬಡಿದು ನೋಡುವುದು ಪರೀಕ್ಷೆಯಲ್ಲ. ಬೇರಾ ಎಂಬ ಪರೀಕ್ಷೆ ಇದೆ: ಮಗುವನ್ನು ಮಲಗಿಸಿ, ತಲೆಗೆ ತಂತಿ ಅಂಟಿಸಿ, ಸದ್ದು ಮಿದುಳಿಗೆ ತಲುಪುತ್ತದೆಯೇ ಎಂದು ನೋಡುತ್ತಾರೆ. ನೋವಿಲ್ಲ, ಸೂಜಿ ಇಲ್ಲ. ನಿಮ್ಮ ಮನೆಯಲ್ಲಿ ಸೋದರಮಾವನ ಜೊತೆಗೋ ಅತ್ತೆಯ ಮಗನ ಜೊತೆಗೋ ಮದುವೆಯಾಗಿದ್ದರೆ ಇದು ಇನ್ನೂ ಜರೂರು; ಹುಟ್ಟು ಕಿವುಡು ರಕ್ತಸಂಬಂಧದ ಮದುವೆಗಳಲ್ಲಿ ಹೆಚ್ಚು. ಕಿವುಡಿದ್ದ ಮಗುವಿಗೆ ಬುದ್ಧಿ ಕಡಿಮೆ ಎಂದು ವರ್ಷಗಟ್ಟಲೆ ಕೂಡಿಸಿದ ಮನೆಗಳನ್ನು ಕಂಡಿದ್ದೇನೆ. ಆಮೇಲೆ ಯಂತ್ರ ಕೂಡಿಸಿದರೂ ಕಳೆದ ವರ್ಷಗಳು ಮರಳಿ ಬರುವುದಿಲ್ಲ.

ಕಿವಿ ಸರಿ ಇದ್ದರೆ ಆಗ ಆಟಿಸಂ ತಪಾಸಣೆ. ಒಂದು ವರ್ಷಕ್ಕೆ ಬೆರಳು ಮಾಡಿ ತೋರಿಸದಿದ್ದರೆ, 16 ತಿಂಗಳಿಗೆ ಒಂದು ಮಾತೂ ಇಲ್ಲದಿದ್ದರೆ, 24 ತಿಂಗಳಿಗೆ ‘ಹಾಲ ಕೊಡು’ ಎಂಬಂತೆ ಎರಡು ಮಾತು ಕೂಡಿಸದಿದ್ದರೆ, ಬಂದ ಮಾತು ಯಾವ ವಯಸ್ಸಿನಲ್ಲೇ ಹೋದರೂ, ಕಾಯಬಾರದು. ಗಂಡು ಹುಡುಗರು ತುಸು ತಡ ಮಾಡಬಹುದು, ಮೂರು ವರ್ಷದವರೆಗೆ ಅಲ್ಲ. ಅವರಪ್ಪ ತಡವಾಗಿ ಮಾತಾಡಿದ್ದು ಸಮಾಧಾನದ ಮಾತೂ ಅಲ್ಲ, ಅದು ವೈದ್ಯರಿಗೆ ಹೇಳಬೇಕಾದ ವಿಷಯ.

ಬಜಿ ಇವತ್ತಿನಿಂದ ಬಂದ್ ಮಾಡಿ. ಅದರಿಂದ ಮಾತು ಬರುವುದಿಲ್ಲ, ವಾಂತಿ ಬರಬಹುದು. ನಾಲಿಗೆಯ ಕೆಳಗಿನ ನರ ಬಿಗಿಯಿದ್ದರೆ ಕೆಲವು ಅಕ್ಷರ ತೊದಲಬಹುದು, ಕರೆದರೆ ತಿರುಗದಿರುವುದಕ್ಕೂ ಅದಕ್ಕೂ ಸಂಬಂಧವಿಲ್ಲ. ಕತ್ತರಿ ಹಾಕಿಸಬೇಡಿ. ಮಕ್ಕಳ ಆರೋಗ್ಯ ತಪಾಸಣೆಗೆ ಅಂಗನವಾಡಿಗೆ ಬರುವ ಆರ್‌ಬಿಎಸ್‌ಕೆ ತಂಡಕ್ಕೆ ಮಗುವನ್ನು ತೋರಿಸಿ, ಅವರಿಂದ ಚೀಟಿ ಬರೆಸಿಕೊಂಡು ಬಾಗಲಕೋಟೆಯ ಜಿಲ್ಲಾ ಆಸ್ಪತ್ರೆಗೆ ಹೋಗಿ. 2013ರಿಂದ ಈ ಕಾರ್ಯಕ್ರಮ ನಡೆದಿರುವುದೇ ಇಂಥ ಮಕ್ಕಳಿಗಾಗಿ.

ಪ್ರಶ್ನೆ: ನಮ್ಮ ಮನೆ ಹೆದ್ದಾರಿಗೆ ಹತ್ತಿರ. ಮಗನಿಗೆ ಆರು ವರ್ಷ. ಧಾರವಾಡದಲ್ಲಿ ತೋರಿಸಿದಾಗ ಆಟಿಸಂ ಅಂದರು. ಎಲ್ಲ ಬಸ್ಸಿನ ಬೋರ್ಡು ಬಾಯಿಪಾಠ. ‘ಹುಬ್ಬಳ್ಳಿ, ಬಾದಾಮಿ, ವಿಜಯಪುರ’ ಎಂದು ದಿನವಿಡೀ ಹೇಳುತ್ತಾನೆ, ‘ನೀರು ಬೇಕು’ ಎಂದು ಮಾತ್ರ ಹೇಳುವುದಿಲ್ಲ. ಬಾಗಿಲು ತೆರೆದರೆ ರಸ್ತೆಗೆ ಓಡುತ್ತಾನೆ, ಹಾರ್ನ್ ಹೊಡೆದರೆ ಕಿವಿ ಮುಚ್ಚಿಕೊಂಡು ಚೀರುತ್ತಾನೆ. ಅಡುಗೆ ಮಾಡುವಾಗ ಹೊರಸಿಗೆ ಕಟ್ಟಿ ಹಾಕುತ್ತೇನೆ. ಈಗ ಒಂದು ತಿಂಗಳಿಂದ ತಲೆಯನ್ನು ಗೋಡೆಗೆ ಬಡಿದುಕೊಳ್ಳುತ್ತಿದ್ದಾನೆ. ಬನಶಂಕರಿ ಜಾತ್ರೆಗೆ ಕರೆದೊಯ್ದರೆ ಬಿದ್ದು ಹೊರಳಾಡಿದ. ಜನ ‘ಎರಡು ಬಿಡ್ರಿ, ಸುಮ್ಮನಾಗತಾನ’ ಅಂದರು. (ತಾಯಿ, ಕುಳಗೇರಿ ಕ್ರಾಸ್)

ಉತ್ತರ: ತಾಯಿ, ಕಟ್ಟುವುದನ್ನು ಇವತ್ತೇ ನಿಲ್ಲಿಸಿ. ಹುಬ್ಬಳ್ಳಿ–ವಿಜಯಪುರ ಹೆದ್ದಾರಿಯ ಲಾರಿಗಳನ್ನು ನಾನೂ ನೋಡಿದ್ದೇನೆ, ನಿಮ್ಮ ಹೆದರಿಕೆ ನಿಜ. ಆದರೆ ಹಗ್ಗದಿಂದ ಹುಡುಗ ಓಡುವುದನ್ನು ಮರೆಯುವುದಿಲ್ಲ. ಅವನ ಕೈಗೆ ಎಟುಕದ ಎತ್ತರದಲ್ಲಿ ಬಾಗಿಲಿಗೆ ಚಿಲಕ ಹಾಕಿಸಿ, ಬಾಗಿಲಿಗೆ ಒಂದು ಗಂಟೆ ಕಟ್ಟಿ. ಕೊರಳಲ್ಲಿ ಅಥವಾ ಕೈಯಲ್ಲಿ ನಿಮ್ಮ ಫೋನ್ ನಂಬರು ಕೆತ್ತಿದ ಬಿಲ್ಲೆ ಇರಲಿ. ಕ್ರಾಸಿನ ಹೋಟೆಲಿನವರಿಗೆ, ಪಾನ್ ಅಂಗಡಿಯವರಿಗೆ, ಟಂಟಂ ಓಡಿಸುವವರಿಗೆ ಹುಡುಗನ ಮುಖ ಪರಿಚಯ ಮಾಡಿಸಿ. ನಾಚಿಕೊಳ್ಳಬೇಡಿ. ಅವನು ಕಾಣದಾದರೆ ಮೊದಲು ರಸ್ತೆಗೆ ಒಬ್ಬರು, ನೀರಿನ ಕಡೆಗೆ ಒಬ್ಬರು ಓಡಬೇಕು. ಬಾವಿ, ಕಾಲುವೆ, ಕೃಷಿ ಹೊಂಡ. ಆಟಿಸಂ ಇರುವ ಮಕ್ಕಳನ್ನು ನೀರು ಬಹಳ ಸೆಳೆಯುತ್ತದೆ, ತಪ್ಪಿಸಿಕೊಂಡ ಮಕ್ಕಳಲ್ಲಿ ಸಾವು ಹೆಚ್ಚಾಗಿ ಆಗುವುದು ಅಲ್ಲೇ.

ಇನ್ನು ಬಸ್ಸು. ಅದನ್ನು ಬಿಡಿಸಲು ಹೋಗಬೇಡಿ. ನಿಮ್ಮ ಮಗ ನಿಮಗಾಗಿ ತೆರೆದಿಟ್ಟಿರುವ ಬಾಗಿಲು ಅದೊಂದೇ. ದಿನವೂ ಒಂದೇ ಹೊತ್ತಿಗೆ ಕೈ ಹಿಡಿದು ಬಸ್ಸು ನೋಡಲು ಕರೆದೊಯ್ಯಿರಿ. ಸಂಜೆ ಐದಕ್ಕೆ ಬಸ್ಸು ನೋಡುವುದು ಖಾತ್ರಿ ಎಂದು ಗೊತ್ತಾದರೆ ಉಳಿದ ಹೊತ್ತಿನ ಓಟ ಕಡಿಮೆಯಾಗುತ್ತದೆ. ಅವನು ‘ಹುಬ್ಬಳ್ಳಿ’ ಎಂದರೆ ನೀವು ‘ಹುಬ್ಬಳ್ಳಿ ಬಸ್ ಬಂತು’ ಎಂದು ಒಂದೇ ಮಾತು ಸೇರಿಸಿ ಸುಮ್ಮನಿರಿ. ಮನಸ್ಸಿನಲ್ಲಿ ಹತ್ತು ಎಣಿಸಿ. ‘ಇದೇನು? ಅದೇನು? ಹೇಳು ನೋಡೋಣ’ ಎಂದು ಪರೀಕ್ಷೆ ಮಾಡಬೇಡಿ. ಆ ಪರೀಕ್ಷೆಗೆ ಹೆದರಿ ಮಕ್ಕಳು ಮುಖ ತಿರುಗಿಸಬಹುದು. ‘ನೀರು’ ಬಾಯಲ್ಲಿ ಬರುವ ತನಕ ಲೋಟದ ಚಿತ್ರ ಗೋಡೆಗೆ ಅಂಟಿಸಿ. ಅವನು ಮುಟ್ಟಿದ ಕೂಡಲೇ ನೀರು ಕೊಡಿ. ಚಿತ್ರ ತೋರಿಸಿ ಕಲಿಸಿದರೆ ಮಾತು ನಿಂತುಹೋಗುತ್ತದೆ ಎಂದು ನಿಮಗೆ ಯಾರಾದರೂ ಹೇಳಿದರೆ ಕೇಳಬೇಡಿ, ಹಾಗಾಗುವುದಿಲ್ಲ.

ಇದು ನನ್ನ ಮನಸ್ಸಿಗೆ ತೋಚಿದ ಉಪಾಯವಲ್ಲ. ನಮ್ಮ ನೆರೆಯ ಗೋವಾದಲ್ಲಿ ಮತ್ತು ಪಾಕಿಸ್ತಾನದ ರಾವಲ್ಪಿಂಡಿಯಲ್ಲಿ ನಡೆಸಿದ ಅಧ್ಯಯನವೊಂದು 2016ರಲ್ಲಿ ಪ್ರಕಟವಾಯಿತು. ತಜ್ಞರಲ್ಲದ, ತರಬೇತಿ ಪಡೆದ ಕಾರ್ಯಕರ್ತರು ಮನೆಗೆ ಹೋಗಿ, ತಾಯಿ-ಮಗು ಆಡುವುದನ್ನು ವಿಡಿಯೋ ಮಾಡಿ, ಮಗು ಯಾವ ಗಳಿಗೆಯಲ್ಲಿ ತಾಯಿಯ ಕಡೆ ತಿರುಗಿತು ಎಂದು ಅವಳಿಗೇ ತೋರಿಸಿದರು. ತಾಯಂದಿರು ಮಗುವಿನ ಆಟಕ್ಕೆ ಹೊಂದಿಕೊಂಡಾಗ ಮಕ್ಕಳು ತಾವಾಗಿಯೇ ತಾಯಿಯ ಜೊತೆ ಮಾತಿಗೆ, ಆಟಕ್ಕೆ ಮುಂದಾಗುವುದು ಹೆಚ್ಚಿತು. ನಿಮ್ಮ ಯಜಮಾನರ ಮೊಬೈಲಿನಲ್ಲೂ ಇದನ್ನು ಮಾಡಬಹುದು. ಆ ವಿಡಿಯೋವನ್ನು ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ಗೆ ಹೋಗುವಾಗ ಒಯ್ಯಿರಿ. ಆಸ್ಪತ್ರೆಯಲ್ಲಿ ಬಿಗಿದುಕೊಳ್ಳುವ ಮಗು ಮನೆಯಲ್ಲಿ ಏನು ಮಾಡುತ್ತದೆ ಎಂಬುದು ವೈದ್ಯರಿಗೆ ಬೇಕು.

ತಲೆ ಬಡಿದುಕೊಳ್ಳುವುದು ಹೊಸದಾಗಿ ಶುರುವಾಗಿದೆ ಎಂದಿರಿ. ಅದನ್ನು ಆಟಿಸಂನ ಲೆಕ್ಕಕ್ಕೆ ಬರೆದು ಸುಮ್ಮನಾಗಬೇಡಿ. ಹೇಳಲು ಬಾರದ ಮಗುವಿನ ನೋವು ಹೀಗೆ ಹೊರಬರುತ್ತದೆ. ಹುಳುಕು ಹಲ್ಲು, ಸೋರುವ ಕಿವಿ, ನಾಲ್ಕು ದಿನದಿಂದ ಆಗದ ಮಲ: ಈ ಮೂರನ್ನು ಈ ವಾರವೇ ತೋರಿಸಿ. ಹಿಮೋಗ್ಲೋಬಿನ್ ನೋಡಿಸಿ. ನಡುವೆ ಕಣ್ಣು ನೆಟ್ಟು ನಿಂತುಬಿಟ್ಟರೆ, ಕೈಕಾಲು ಅದುರಿದರೆ ಮಿದುಳಿನ ಪರೀಕ್ಷೆ ಇಇಜಿ ಮಾಡಿಸಲೇಬೇಕು. ಫಿಟ್ಸ್ ಈ ಮಕ್ಕಳಲ್ಲಿ ಬೇರೆಯವರಿಗಿಂತ ಹೆಚ್ಚು.

ಜಾತ್ರೆಯಲ್ಲಿ ಅವನು ಮಾಡಿದ್ದು ಹಟವಲ್ಲ. ನಾಟಕ ಕಂಪನಿಗಳ ಧ್ವನಿವರ್ಧಕ, ತೊಟ್ಟಿಲು, ಜನ, ಧೂಳು ಎಲ್ಲ ಒಮ್ಮೆಗೇ ಮೈಮೇಲೆ ಬಿದ್ದಿವೆ. ಬನಶಂಕರಿ ಜಾತ್ರೆ ತೇರಿನ ಮರುದಿನವೇ ಮುಗಿಯುವುದಿಲ್ಲ, ವಾರಗಟ್ಟಲೆ ಇರುತ್ತದೆ. ಜನ ಕಡಿಮೆಯಾದ ಮೇಲೆ, ಬೆಳಗಿನ ಹೊತ್ತು, ಕಿವಿಗೆ ಸದ್ದು ತಡೆಯುವ ಹೆಡ್‌ಫೋನ್ ಹಾಕಿ ಹೋಗಿ ಬನ್ನಿ. ‘ಎರಡು ಬಿಡ್ರಿ’ ಎಂದವರಿಗೆ ಉತ್ತರ ಕೊಡುವ ಕೆಲಸ ನಿಮ್ಮದಲ್ಲ.

ಪ್ರಶ್ನೆ: ನಾವು ನೇಕಾರರು. ಮಗಳಿಗೆ ನಾಲ್ಕು ವರ್ಷ. ಮಿಕ್ಸರ್ ಹಚ್ಚಿದರೆ ನಡುಗುತ್ತಾಳೆ, ಮಗ್ಗದ ಸದ್ದಿನ ಬದಿಗೆ ಮಾತ್ರ ತಾಸುಗಟ್ಟಲೆ ಕೂತು ಕಂಡಿಕೆಗಳನ್ನು ಬಣ್ಣದ ಪ್ರಕಾರ ಸಾಲಾಗಿ ಇಡುತ್ತಾಳೆ. ಆಟಿಸಂ ಅಂತ ಹೇಳಿದ್ದಾರೆ. ಬಸುರಿದ್ದಾಗ ಗ್ರಹಣದಲ್ಲಿ ಹೊರಗೆ ಬಂದಿದ್ದಕ್ಕೇ ಹೀಗಾಯಿತು ಎಂದು ಅತ್ತೆ ದಿನಾ ಅನ್ನುತ್ತಾರೆ. ಒಬ್ಬರು ಲಸಿಕೆಯಿಂದ ಆಗಿದ್ದು ಅಂದರು. ಎಂಟು ತಿಂಗಳ ಮಗನಿಗೆ ದಡಾರದ ಸೂಜಿ ಹಾಕಿಸಲೋ ಬೇಡವೋ? (ಇಳಕಲ್ಲ)

ಉತ್ತರ: ಹಾಕಿಸಿ. ಒಂಬತ್ತು ತಿಂಗಳು ತುಂಬಿದ ಕೂಡಲೇ ಹಾಕಿಸಿ. ಲಸಿಕೆಯಿಂದ ಆಟಿಸಂ ಎಂಬ ಮಾತು ಹಬ್ಬಿದ್ದು 1998ರಲ್ಲಿ ಲಂಡನ್ನಿನ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ಒಂದು ಲೇಖನದಿಂದ. 2010ರಲ್ಲಿ ಆ ಪತ್ರಿಕೆಯೇ ಅದನ್ನು ಹಿಂತೆಗೆದುಕೊಂಡಿತು, ಬರೆದ ವೈದ್ಯನ ಪರವಾನಗಿಯೂ ಹೋಯಿತು. ಡೆನ್ಮಾರ್ಕಿನಲ್ಲಿ ಆರೂವರೆ ಲಕ್ಷಕ್ಕೂ ಹೆಚ್ಚು ಮಕ್ಕಳನ್ನು ನೋಡಿ 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಲಸಿಕೆಗೂ ಆಟಿಸಂಗೂ ಸಂಬಂಧ ಕಾಣಲಿಲ್ಲ. ದಡಾರ ಮಾತ್ರ ಇಂದಿಗೂ ಮಕ್ಕಳನ್ನು ಕೊಲ್ಲುತ್ತದೆ.

ಗ್ರಹಣದ ಮಾತು ಓದಿ ನನಗೆ ಸಿಟ್ಟು ಬಂತು. 2019ರ ಡಿಸೆಂಬರ್ 26ರ ಸೂರ್ಯಗ್ರಹಣದ ದಿನ ಕಲಬುರಗಿ ಹತ್ತಿರದ ತಾಜಸುಲ್ತಾನಪುರದಲ್ಲಿ ಅಂಗವಿಕಲ ಮಕ್ಕಳನ್ನು ಕುತ್ತಿಗೆಯವರೆಗೆ ಮಣ್ಣಿನಲ್ಲಿ ಹೂತು ನಿಲ್ಲಿಸಿದ್ದರು, ವಾಸಿಯಾಗುತ್ತದೆ ಎಂದು. ಆ ಮಕ್ಕಳು ಅಳುವ ಚಿತ್ರಗಳನ್ನು ರಾಜ್ಯವೆಲ್ಲ ನೋಡಿತು. ಗ್ರಹಣದಿಂದ ರೋಗ ಬರುತ್ತದೆ ಎಂದು ನಂಬಿದ ಮನೆ ಗ್ರಹಣದಿಂದಲೇ ರೋಗ ಹೋಗುತ್ತದೆ ಎಂದು ನಂಬುವುದಕ್ಕೆ ಬಹಳ ದಿನ ಬೇಕಾಗುವುದಿಲ್ಲ. ನಿಮ್ಮ ಅತ್ತೆಯವರಿಗೆ ಇದನ್ನು ಓದಿ ಹೇಳಿ: ಗ್ರಹಣವೆಂದರೆ ನೆರಳು. ನೆರಳು ಹೊಟ್ಟೆಯೊಳಗಿನ ಮಗುವಿನ ಮಿದುಳನ್ನು ಮುಟ್ಟುವುದಿಲ್ಲ.

ತಾಯಿಯ ಮೇಲೆ ಹೊರಿಸುವುದು ನಮ್ಮ ಹಳ್ಳಿಯವರದಷ್ಟೇ ಚಾಳಿಯಲ್ಲ. ಲಿಯೋ ಕ್ಯಾನರ್ 1943ರಲ್ಲಿ ಆಟಿಸಂ ಬಗ್ಗೆ ಬರೆದ ಮೇಲೆ ಅಮೆರಿಕದ ದೊಡ್ಡ ದೊಡ್ಡ ವೈದ್ಯರು ಎರಡು ದಶಕ ಕಾಲ, ತಾಯಂದಿರ ಪ್ರೀತಿ ತಣ್ಣಗಾಗಿದ್ದಕ್ಕೇ ಮಕ್ಕಳು ಹೀಗಾದರು ಎಂದು ಹೇಳುತ್ತಿದ್ದರು. ಬರ್ನಾರ್ಡ್ ರಿಮ್ಲೆಂಡ್ ಎಂಬ ಮನಶ್ಶಾಸ್ತ್ರಜ್ಞ 1964ರಲ್ಲಿ ಪುಸ್ತಕ ಬರೆದು ಅದನ್ನು ಅಲ್ಲಗಳೆದರು. ಅವರ ಮಗನಿಗೂ ಆಟಿಸಂ ಇತ್ತು. ಕಾರಣ ಹೆಚ್ಚಿನಂಶ ವಂಶವಾಹಿಗಳಲ್ಲಿದೆ. ತಂದೆಯ ಕಡೆಯಿಂದಲೂ ಬರುತ್ತದೆ, ಅದನ್ನೂ ಅತ್ತೆಯವರಿಗೆ ಹೇಳಿ.

ಮಗಳು ಕಂಡಿಕೆ ಜೋಡಿಸುವಾಗ ಪಕ್ಕದಲ್ಲಿ ಕೂತು ಮುಂದಿನದನ್ನು ನೀವು ಕೊಡಿ. ತೆಗೆದುಕೊಂಡರೆ ಮತ್ತೊಂದು. ಒಂದು ದಿನ ಬೇಕೆಂದೇ ತುಸು ತಡಮಾಡಿ; ಅವಳು ನಿಮ್ಮ ಕಡೆ ನೋಡುತ್ತಾಳೆ. ಅವಳ ಕಿವಿಯ ಪರೀಕ್ಷೆ ಆಗಿದೆ ಎಂದು ನೀವು ಬರೆದಿಲ್ಲ. ಮಾಡಿಸಿ. ಅಣ್ಣನಿಗೋ ಅಕ್ಕನಿಗೋ ಆಟಿಸಂ ಇದ್ದರೆ ಕೂಸಿಗೆ ಬರುವ ಸಂಭವ ಹೆಚ್ಚು, ಆದ್ದರಿಂದ ಮಗನಿಗೂ 18 ಮತ್ತು 24 ತಿಂಗಳಿಗೆ ತಪಾಸಣೆ ಮಾಡಿಸಿ. ಸ್ಟೆಮ್ ಸೆಲ್ ಚಿಕಿತ್ಸೆ ಎಂದು ಲಕ್ಷಗಟ್ಟಲೆ ಕೇಳುವವರು ನಿಮ್ಮ ಮನೆಗೂ ಬರುತ್ತಾರೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿ ಆಟಿಸಂಗೆ ಅದನ್ನು ಚಿಕಿತ್ಸೆಯೆಂದು ಒಪ್ಪಿಲ್ಲ. ಮಗ್ಗ ಮಾರಿ ಕೊಡಬೇಡಿ.

ಪ್ರಶ್ನೆ: ಮಗ ನಾಲ್ಕನೆಯ ತರಗತಿ. ಕೂತಲ್ಲಿ ಕೂರುವುದಿಲ್ಲ, ಪಾಟಿಚೀಲ ಮರೆತು ಬರುತ್ತಾನೆ. ಶಾಲೆಯಲ್ಲಿ ಹೊಡೆತ, ಮನೆಯಲ್ಲಿ ನನ್ನ ಬೆಲ್ಟಿನ ಹೊಡೆತ, ಆದರೂ ಬದಲಾಗಿಲ್ಲ. ಎಡಿಎಚ್‌ಡಿ ಗುಳಿಗೆ ಕೊಟ್ಟರೆ ಮಂದ ಆಗುತ್ತಾನಂತೆ? (ತಂದೆ, ಹುನಗುಂದ)

ಉತ್ತರ: ಹೊಡೆದು ಬದಲಾಗಿಲ್ಲ ಎಂದು ನೀವೇ ಬರೆದಿದ್ದೀರಿ, ಹಾಗಾದರೆ ಬೆಲ್ಟನ್ನು ಸೊಂಟಕ್ಕೇ ಇರಲು ಬಿಡಿ. ಶಾಲೆಯಲ್ಲಿ ಹೊಡೆಯುವುದನ್ನು 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ನಿಷೇಧಿಸಿದೆ. ಹೆಡ್ ಮಾಸ್ತರರಿಗೆ ಅದನ್ನು ಗೌರವದಿಂದಲೇ ನೆನಪು ಮಾಡಿ. ಎಡಿಎಚ್‌ಡಿ ಎಂದು ಹೆಸರಿಡುವ ಮುಂಚೆ ಕಣ್ಣು, ಕಿವಿ, ಹಿಮೋಗ್ಲೋಬಿನ್, ಥೈರಾಯ್ಡ್ ನೋಡಿಸಿ. ರಾತ್ರಿ ಗೊರಕೆ ಹೊಡೆಯುತ್ತಾನೆಯೇ ಗಮನಿಸಿ; ಅಡಿನಾಯ್ಡ್ ಬೆಳೆದು ನಿದ್ದೆಗೆಟ್ಟ ಮಗು ಹಗಲು ಹೀಗೇ ಚಡಪಡಿಸುತ್ತದೆ. ಪಾಠದ ನಡುವೆ ಕೆಲವು ಕ್ಷಣ ಶೂನ್ಯ ನೋಡಿ ನಿಂತರೆ ಇಇಜಿ. ಇವೆಲ್ಲ ಸರಿಯಿದ್ದು, ಮನೆ ಶಾಲೆ ಎರಡರಲ್ಲೂ ಆರು ತಿಂಗಳಿಗೂ ಮೇಲ್ಪಟ್ಟು ಹೀಗಿದ್ದರೆ ಮನೋವೈದ್ಯರು ಗುಳಿಗೆ ಬರೆಯಬಹುದು. ಸರಿಯಾದ ಪ್ರಮಾಣದಲ್ಲಿ ಕೊಟ್ಟರೆ ಮಂದ ಆಗುವುದಿಲ್ಲ. ಹಸಿವು ಕಡಿಮೆಯಾಗಬಹುದು, ತೂಕ, ಎತ್ತರ, ಬಿ.ಪಿ. ನೋಡುತ್ತಿರಬೇಕು. ಮನೆಯಲ್ಲಿ ಒಂದು ಸಲಕ್ಕೆ ಒಂದೇ ಕೆಲಸ ಹೇಳಿ, ಹತ್ತಿರ ಹೋಗಿ ಭುಜ ಮುಟ್ಟಿ ಹೇಳಿ, ಮಾಡಿದ ಕೂಡಲೇ ‘ಶಾಬಾಸ್’ ಎನ್ನಿ. ದಿನದಲ್ಲಿ ಒಮ್ಮೆಯಾದರೂ ಅವನ ತಪ್ಪಿನ ಸುದ್ದಿಯೇ ಇಲ್ಲದ ಅರ್ಧ ತಾಸು ಅವನ ಜೊತೆ ಕಳೆಯಿರಿ. ಅಪ್ಪನ ಹೆಜ್ಜೆ ಸಪ್ಪಳಕ್ಕೆ ಅವನು ಬೆದರುವುದು ಮೊದಲು ನಿಲ್ಲಬೇಕು.

ಪ್ರಶ್ನೆ: ನಾವು ಗುಳೇದಗುಡ್ಡದವರು, ಪುಣೆಯಲ್ಲಿದ್ದೇವೆ. ಆಟಿಸಂ ಇರುವ ಮಗನ ಜೊತೆ ಕನ್ನಡ ಬಿಟ್ಟು ಇಂಗ್ಲಿಷ್ ಒಂದನ್ನೇ ಮಾತಾಡಿ ಎಂದಿದ್ದಾರೆ.

ಉತ್ತರ: ಬಿಡಬೇಡಿ. ಎರಡು ಭಾಷೆ ಕೇಳಿ ಬೆಳೆದರೆ ಆಟಿಸಂ ಹೆಚ್ಚಾಗುತ್ತದೆ, ಮಾತು ಇನ್ನೂ ತಡವಾಗುತ್ತದೆ ಎಂಬುದಕ್ಕೆ ಆಧಾರವಿಲ್ಲ. ನಿಮಗೆ ಮುದ್ದು ಮಾಡಲು ಬರುವ ಭಾಷೆಯಲ್ಲಿ ಮಾತಾಡಿ. ಊರಿನ ಅಜ್ಜಿಯ ಫೋನಿಗೂ ಅವನು ಬೇಕು.

ಪ್ರಶ್ನೆ: ಮಗನಿಗೆ 17. ಆಟಿಸಂ. ಮಾತು ಕಡಿಮೆ, ಎಮ್ಮೆ ಕಟ್ಟುವುದು, ಮೇವು ಹಾಕುವುದು ಚೊಕ್ಕಟ ಮಾಡುತ್ತಾನೆ. ಲಗ್ನ ಮಾಡಿದರೆ ಸರಿ ಹೋಗುತ್ತಾನೆ ಎಂದು ಬೀಗರು ಹೇಳುತ್ತಾರೆ. ನಮ್ಮ ನಂತರ ಇವನ ಗತಿ ಏನು? (ಕೆರೂರು)

ಉತ್ತರ: ಲಗ್ನ ಔಷಧಿಯಲ್ಲ. ನಿಮ್ಮ ಚಿಂತೆಯನ್ನು ಹೊರಲು ಇನ್ನೊಬ್ಬರ ಮನೆಯ ಹೆಣ್ಣುಮಗಳನ್ನು ತರಬೇಡಿ, ಅದು ಅನ್ಯಾಯ. ನಿಮ್ಮ ಮಗ ದನದ ಕೆಲಸ ಚೊಕ್ಕಟ ಮಾಡುತ್ತಾನೆ ಎಂದಿರಿ. ಅದು ಅವನು ನಾಳೆಗೆ ಗಳಿಸಿದ ವಿದ್ಯೆ. ಹಾಲು ಅಳೆಯುವುದು, ಡೇರಿಗೆ ಒಯ್ಯುವುದು, ರೊಕ್ಕ ಎಣಿಸುವುದು ಒಂದೊಂದಾಗಿ ಕಲಿಸಿ. ಮಾಡುವ ಕ್ರಮವನ್ನು ಚಿತ್ರ ಬರೆದು ಕೊಟ್ಟಿಗೆಯಲ್ಲಿ ತೂಗುಹಾಕಿ. ಹದಿಹರೆಯದಲ್ಲಿ ಹೊಸದಾಗಿ ಫಿಟ್ಸ್ ಶುರುವಾಗಬಹುದು, ಒಮ್ಮೆ ನರರೋಗ ವೈದ್ಯರಿಗೆ ತೋರಿಸಿ, ಹಲ್ಲೂ ನೋಡಿಸಿ.

ಈಗ ಕಾಗದಪತ್ರ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಬಗೆಯ ಅಂಗವೈಕಲ್ಯಗಳಲ್ಲಿ ಆಟಿಸಂ ಇದೆ; ಜಿಲ್ಲಾ ಆಸ್ಪತ್ರೆಯಲ್ಲಿ ತಪಾಸಣೆ ಮಾಡಿಸಿ ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡ್ ಪಡೆಯಿರಿ. ರಾಷ್ಟ್ರೀಯ ನ್ಯಾಸದ (ನ್ಯಾಷನಲ್ ಟ್ರಸ್ಟ್) ನಿರಾಮಯ ವಿಮೆಯಲ್ಲಿ ವರ್ಷಕ್ಕೆ ಒಂದು ಲಕ್ಷ ರೂಪಾಯಿವರೆಗೆ ಚಿಕಿತ್ಸೆಯ ಖರ್ಚು ಸಿಗುತ್ತದೆ. 18 ತುಂಬಿದ ಮೇಲೆ, ಹೆತ್ತವರಾದರೂ ಕಾನೂನಿನ ಕಣ್ಣಿನಲ್ಲಿ ನೀವು ತಾನೇ ತಾನಾಗಿ ಅವನ ಪಾಲಕರಲ್ಲ. 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯಡಿ ಜಿಲ್ಲಾಧಿಕಾರಿಗಳಿರುವ ಸ್ಥಳೀಯ ಸಮಿತಿಗೆ ಅರ್ಜಿ ಹಾಕಿ ಪಾಲಕತ್ವ ಪಡೆಯಬೇಕು. ನಿಮ್ಮ ನಂತರ ನೋಡಿಕೊಳ್ಳಲು ಒಪ್ಪುವ ಅಣ್ಣ, ಅಕ್ಕ, ಕಾಕಾ ಯಾರೆಂದು ಮನೆಯಲ್ಲಿ ಕೂತು ಮಾತಾಡಿ, ಅವನನ್ನೂ ಕೂಡಿಸಿಕೊಂಡು. ನಿಮ್ಮ ಕೈಯಲ್ಲಿ ಇನ್ನು ಒಂದು ವರ್ಷವಿದೆ. ಕಾರ್ಡಿನ ಕೆಲಸ ಈ ತಿಂಗಳೇ ಶುರು ಮಾಡಿ.