ಚಂದ್ರನ ಚರ್ಚೆಯಲ್ಲಿ ಗೆಲ್ಲಲು ಆರು ಸೂತ್ರಗಳು

ಹಂಪಸಾಗರದ ಯಾವ ಕಟ್ಟೆಯ ಮೇಲೆ ಕೂತರೂ ಮೊಬೈಲಿನ ವಿಡಿಯೊ ತೋರಿಸಿ ‘ಚಂದ್ರನ ಮ್ಯಾಲೆ ಯಾರೂ ಹೋಗಿಲ್ಲ, ಎಲ್ಲಾ ಸ್ಟುಡಿಯೊದಾಗ ತೆಗೆದದ್ದು’ ಎನ್ನುವವರು ಸಿಗಬಹುದು. ಅವರಿಗೆ ಹೀಗೆ ಉತ್ತರಿಸಿ.

1. ಕೇಳಿದವರನ್ನು ದಡ್ಡರೆನ್ನಬೇಡಿ. ‘ಗಾಳಿನೇ ಇಲ್ಲ ಅಂದ್ರೆ ಬಾವುಟ ಹೆಂಗ ಹಾರಿತು ಮಾವ?’ ಎಂಬುದು ಒಳ್ಳೆಯ ಪ್ರಶ್ನೆ. ಬಾವುಟದ ಮೇಲಂಚಿಗೆ ಅಡ್ಡಕಡ್ಡಿ ಇತ್ತು. ಅಪೊಲೊ 11ರಲ್ಲಿ ಅದು ಪೂರ್ತಿ ಚಾಚಿಕೊಳ್ಳಲಿಲ್ಲ, ಬಟ್ಟೆ ನಿರಿಗೆಗಟ್ಟಿತು. ಆ ನಿರಿಗೆಯೇ ಫೋಟೊದಲ್ಲಿ ಹಾರಿದಂತೆ ಕಾಣುತ್ತದೆ.

2. ‘ಫೋಟೊದಾಗ ನಕ್ಷತ್ರ ಯಾಕಿಲ್ಲ?’ ಎಂಬ ಪ್ರಶ್ನೆಗೆ ಪ್ರಯೋಗವೇ ಉತ್ತರ. ರಾತ್ರಿ ಬಯಲಾಟದಲ್ಲಿ ಝಗಮಗಿಸುವ ರಂಗದ ಫೋಟೊ ತೆಗೆಸಿ. ವೇಷ ಚೆನ್ನಾಗಿ ಮೂಡುತ್ತದೆ, ಮೇಲಿನ ಆಕಾಶ ಬರೀ ಕಪ್ಪು. ಚಂದ್ರನ ನೆಲವೂ ಬಿಸಿಲಿಗೆ ಹಾಗೆಯೇ ಹೊಳೆಯುತ್ತಿತ್ತು.

3. ಚಂದ್ರನ ಫೋಟೊಗಳಲ್ಲಿ ನೆರಳು ವಕ್ರ ಎಂದರೆ, ಸಂಜೆ ತುಂಗಭದ್ರೆಯ ಹಿನ್ನೀರಿನ ದಂಡೆಗೆ ಕರೆದೊಯ್ಯಿರಿ. ಏರುತಗ್ಗಿನ ನೆಲದಲ್ಲಿ ನೆಟ್ಟ ಕೋಲುಗಳ ನೆರಳುಗಳೂ ಬೇರೆ ಬೇರೆ ದಿಕ್ಕಿಗೆ ಬಾಗುತ್ತವೆ.

4. ನಮ್ಮವರ ಸಾಕ್ಷಿಯನ್ನು ತಪ್ಪದೆ ಹೇಳಿ. ಇದು ನನಗೆ ಎಲ್ಲಕ್ಕಿಂತ ಹೆಮ್ಮೆಯ ಮಾತು. 2019ರಲ್ಲಿ ಚಂದ್ರಯಾನ-2ರ ಲ್ಯಾಂಡರ್ ವಿಕ್ರಮ್ ಚಂದ್ರನ ನೆಲಕ್ಕೆ ಅಪ್ಪಳಿಸಿತು, ದೇಶವೇ ಕಣ್ಣೀರಿಟ್ಟಿತು. ಆದರೆ ಮೇಲೆ ಸುತ್ತುತ್ತಿದ್ದ ಆರ್ಬಿಟರ್ ಕೆಲಸ ನಿಲ್ಲಿಸಲಿಲ್ಲ. 100 ಕಿ.ಮೀ. ಎತ್ತರದಿಂದ ಸುಮಾರು 25 ಸೆಂ.ಮೀ.ನಷ್ಟು ಸೂಕ್ಷ್ಮ ವಿವರ ಹಿಡಿಯುವ ಅದರ ಕ್ಯಾಮೆರಾ, ಅಪೊಲೊ 11ರ ಆರ್ಮ್‌ಸ್ಟ್ರಾಂಗ್ ಮತ್ತು ಆಲ್ಡ್ರಿನ್ ಬಿಟ್ಟುಬಂದ ನೌಕೆಯ ಕೆಳಭಾಗವನ್ನು ಸೆರೆಹಿಡಿಯಿತು. ಅಮೆರಿಕದ ಮಾತನ್ನು ನಂಬದವರೂ ಬೆಂಗಳೂರಿನಿಂದ ನಿಯಂತ್ರಿಸುವ ನೌಕೆಯ ಚಿತ್ರವನ್ನು ನೋಡಬಹುದಲ್ಲ!

5. ಗೆಲ್ಲುವ ಆತುರದಲ್ಲಿ ಸುಳ್ಳು ಸಾಕ್ಷಿ ತರಬೇಡಿ. ‘ದೊಡ್ಡ ದೂರದರ್ಶಕದಲ್ಲಿ ಬಾವುಟ ಕಾಣುತ್ತೆ’ ಎನ್ನುವುದು ತಪ್ಪು. ಸುಮಾರು 3,84,000 ಕಿ.ಮೀ. ಆಚೆಯ ಬಟ್ಟೆಯ ತುಂಡು ಭೂಮಿಯ ಯಾವ ದೂರದರ್ಶಕಕ್ಕೂ ಕಾಣದು. ಅಪೊಲೊ ಯಾತ್ರಿಗಳು ಅಲ್ಲಿಟ್ಟ ಪ್ರತಿಫಲಕಗಳಿಗೆ ವಿಜ್ಞಾನಿಗಳು ಇಂದಿಗೂ ಲೇಸರ್ ಬಿಟ್ಟು ದೂರ ಅಳೆಯುತ್ತಾರೆ, ಅದನ್ನು ಹೇಳಿ.

6. ‘ಚಂದ್ರನ ಕಲ್ಲನ್ನು ಯಂತ್ರವೂ ತರಬಹುದಿತ್ತಲ್ಲ?’ ಎಂದರೆ ತೂಕ ಹೇಳಿ. 1970ರಲ್ಲಿ ಸೋವಿಯತ್ ಒಕ್ಕೂಟದ ಲೂನಾ 16 ಯಂತ್ರ ತಂದ ಮಣ್ಣು 101 ಗ್ರಾಂ. 1969ರಿಂದ 1972ರವರೆಗೆ ಆರು ಸಲ ಇಳಿದ 12 ಮಂದಿ ತಂದದ್ದು 382 ಕಿಲೊ. ಅದರ ಚೂರುಗಳನ್ನು ಭಾರತದ ವಿಜ್ಞಾನಿಗಳೂ ಪರೀಕ್ಷಿಸಿದ್ದಾರೆ.