ಬ್ಯಾಂಕ್ ಹರಾಜಿನ ಆಸ್ತಿ: ಸವಾಲು ಹಾಕುವ ಮುನ್ನ ಮಾಡಬೇಕಾದ ಲೆಕ್ಕ

ಸಾಲ ವಸೂಲಿಗಾಗಿ ಬ್ಯಾಂಕುಗಳು ಹರಾಜಿಗಿಡುವ ಮಳಿಗೆ, ಗೋದಾಮು ಹಾಗೂ ಕೈಗಾರಿಕಾ ಶೆಡ್ಡುಗಳ ಪ್ರಕಟಣೆಗಳು ಪತ್ರಿಕೆಗಳಲ್ಲಿ ಬರುತ್ತಲೇ ಇರುತ್ತವೆ. ಮೀಸಲು ಬೆಲೆಯು ಮಾರುಕಟ್ಟೆ ದರಕ್ಕಿಂತ ಕಡಿಮೆ ಇರುವುದನ್ನು ಕಂಡು ಉದ್ಯಮಿಗಳು ಆಕರ್ಷಿತರಾಗುವುದು ಸಹಜ. ಆದರೆ ಸವಾಲಿನ ಮೊತ್ತವೇ ಆಸ್ತಿಯ ಪೂರ್ಣ ಬೆಲೆಯಲ್ಲ ಎಂಬುದನ್ನು ಮೊದಲು ಅರಿಯಬೇಕು.

ಕಾನೂನಿನ ಚೌಕಟ್ಟು

ಇಂತಹ ಹರಾಜುಗಳು ಸಾಮಾನ್ಯವಾಗಿ 2002ರ ಸರ್ಫೇಸಿ ಕಾಯಿದೆಯ ಅನ್ವಯ ನಡೆಯುತ್ತವೆ. ಸಾಲಗಾರನಿಗೆ 60 ದಿನಗಳ ತಗಾದೆ ನೋಟೀಸು ನೀಡಿದ ನಂತರವೂ ಬಾಕಿ ತೀರದಿದ್ದಲ್ಲಿ ಬ್ಯಾಂಕು ಆಸ್ತಿಯನ್ನು ಸ್ವಾಧೀನಪಡಿಸಿಕೊಂಡು ಮಾರಬಹುದು. 2016ರ ತಿದ್ದುಪಡಿಯ ತರುವಾಯ, ಪೂರ್ಣ ಬಾಕಿ ತೀರಿಸಿ ಆಸ್ತಿಯನ್ನು ಬಿಡಿಸಿಕೊಳ್ಳುವ ಸಾಲಗಾರನ ಹಕ್ಕು ಹರಾಜು ಪ್ರಕಟಣೆಯ ದಿನಾಂಕಕ್ಕೆ ಮುನ್ನವೇ ಚಲಾಯಿಸತಕ್ಕದ್ದು. ಆದರೂ ಬ್ಯಾಂಕಿನ ಕ್ರಮದಲ್ಲಿ ಲೋಪವಿದ್ದಲ್ಲಿ ಆತನು 45 ದಿನಗಳೊಳಗೆ ಸಾಲ ವಸೂಲಾತಿ ನ್ಯಾಯಮಂಡಳಿಗೆ ಹೋಗಬಹುದು.

ಹಣ ಪಾವತಿಯ ಗಡುವು

ಸವಾಲು ಸ್ಥಿರಗೊಂಡವರು ಅದೇ ದಿನ ಅಥವಾ ತಡವಾದರೆ ಮರು ಕೆಲಸದ ದಿನ, ಮುಂಗಡ ಠೇವಣಿಯೂ ಸೇರಿದಂತೆ ಮೊತ್ತದ ಶೇ. 25ನ್ನು ಕಟ್ಟಬೇಕು. ಉಳಿದ ಶೇ. 75ನ್ನು ಮಾರಾಟ ಸ್ಥಿರೀಕರಣದ 15ನೇ ದಿನದೊಳಗೆ ಸಲ್ಲಿಸಬೇಕು. ಬ್ಯಾಂಕು ಲಿಖಿತವಾಗಿ ಒಪ್ಪಿದರೆ ಗಡುವನ್ನು ವಿಸ್ತರಿಸಬಹುದಾದರೂ ಅದು ಮೂರು ತಿಂಗಳನ್ನು ಮೀರುವಂತಿಲ್ಲ. ತಪ್ಪಿದಲ್ಲಿ ಕಟ್ಟಿದ ಹಣ ಮುಟ್ಟುಗೋಲಾಗುತ್ತದೆ. ಮರುಹರಾಜಿನಲ್ಲಿ ಹೆಚ್ಚು ಬೆಲೆ ಬಂದಿದ್ದ ಪ್ರಕರಣವೊಂದರಲ್ಲಿಯೂ ಶೇ. 25ರ ಪೂರ್ಣ ಮುಟ್ಟುಗೋಲನ್ನು ಸುಪ್ರೀಂ ಕೋರ್ಟು 2024ರಲ್ಲಿ ಎತ್ತಿ ಹಿಡಿದಿದೆ. ಆದುದರಿಂದ ಸಾಲ ಪಡೆದು ಕೊಳ್ಳುವವರು ಹರಾಜಿಗೆ ಮುನ್ನವೇ ಸಾಲದ ಮಂಜೂರಾತಿ ಪಡೆದಿರುವುದು ಕ್ಷೇಮ.

ಕಣ್ಣಿಗೆ ಕಾಣದ ಹೊರೆ

'ಇದ್ದಲ್ಲಿ ಇದ್ದಂತೆ' ಎಂಬ ಷರತ್ತಿನ ಮೇಲೆ ಮಾರಾಟ ನಡೆಯುವುದರಿಂದ ಪರಿಶೀಲನೆಯ ಭಾರ ಕೊಳ್ಳುವವರದೇ. ವಿಚಾರಿಸತಕ್ಕ ಅಂಶಗಳು ಇವು:

1. ಸ್ವಾಧೀನವು ಭೌತಿಕವೇ, ಸಾಂಕೇತಿಕವೇ? ಸಾಂಕೇತಿಕವಾದಲ್ಲಿ ಒಳಗಿರುವವರನ್ನು ತೆರವುಗೊಳಿಸಲು ಜಿಲ್ಲಾ ದಂಡಾಧಿಕಾರಿ ಅಥವಾ ನ್ಯಾಯಾಲಯದ ನೆರವು ಬೇಕಾಗಿ ಕಾಲ ಹಿಡಿಯಬಹುದು.
2. ಋಣಭಾರ ಪ್ರಮಾಣಪತ್ರ, ಮೂಲ ಕ್ರಯಪತ್ರ, ಖಾತಾ ಹಾಗೂ ನ್ಯಾಯಮಂಡಳಿಯಲ್ಲಿನ ದಾವೆಗಳು.
3. ವಿದ್ಯುತ್ ಬಾಕಿ. ಸರಬರಾಜು ನಿಯಮಗಳಲ್ಲಿ ಅವಕಾಶವಿದ್ದಲ್ಲಿ ಹಳೆಯ ಬಾಕಿಯನ್ನು ಹೊಸ ಮಾಲೀಕರಿಂದ ಕೇಳಬಹುದೆಂದು ಸುಪ್ರೀಂ ಕೋರ್ಟು 2023ರಲ್ಲಿ ತೀರ್ಪಿತ್ತಿದೆ.
4. ಆಸ್ತಿ ತೆರಿಗೆ, ಭವಿಷ್ಯನಿಧಿ ಮತ್ತಿತರ ಶಾಸನಬದ್ಧ ಬಾಕಿ.
5. ಕೆ.ಐ.ಎ.ಡಿ.ಬಿ. ನಿವೇಶನವಾದಲ್ಲಿ ಹಂಚಿಕೆಯ ಷರತ್ತು ಹಾಗೂ ವರ್ಗಾವಣೆಯ ಅನುಮತಿ.

ಒಂದು ಉದಾಹರಣೆ

ಶೆಡ್ಡೊಂದರ ಮಾರುಕಟ್ಟೆ ಬೆಲೆ 100 ಲಕ್ಷ, ಮೀಸಲು ಬೆಲೆ 80 ಲಕ್ಷ, ಠೇವಣಿ 8 ಲಕ್ಷ ರೂಪಾಯಿ ಎಂದಿಟ್ಟುಕೊಳ್ಳೋಣ. 84 ಲಕ್ಷಕ್ಕೆ ಸವಾಲು ನಿಂತರೆ ಶೇ. 25 ಎಂದರೆ 21 ಲಕ್ಷ. ಠೇವಣಿ ಕಳೆದು 13 ಲಕ್ಷವನ್ನು ತಕ್ಷಣವೂ, 63 ಲಕ್ಷವನ್ನು 15 ದಿನಗಳಲ್ಲಿಯೂ ಹೊಂದಿಸಬೇಕು. ವಿದ್ಯುತ್ ಬಾಕಿ 6 ಲಕ್ಷ, ಆಸ್ತಿ ತೆರಿಗೆ 2 ಲಕ್ಷ, ದುರಸ್ತಿ 4 ಲಕ್ಷ, ಸ್ವಾಧೀನ ಸಿಗುವವರೆಗಿನ ಬಡ್ಡಿ ಹಾಗೂ ವಕೀಲರ ವೆಚ್ಚ 8 ಲಕ್ಷ ಸೇರಿದರೆ ನಿಜವಾದ ಬೆಲೆ 104 ಲಕ್ಷ. ಅಗ್ಗವೆಂದು ಕೊಂಡದ್ದು 4 ಲಕ್ಷ ದುಬಾರಿಯಾಯಿತು! ಮುದ್ರಾಂಕ ಶುಲ್ಕ ಹೊರಗಿನ ಖರೀದಿಗೂ ಇರುವುದರಿಂದ ಇಲ್ಲಿ ಸೇರಿಸಿಲ್ಲ. ಆಸ್ತಿಯ ಮೌಲ್ಯ 50 ಲಕ್ಷ ಅಥವಾ ಮೇಲ್ಪಟ್ಟಿದ್ದಲ್ಲಿ ಶೇ. 1ರ ಟಿ.ಡಿ.ಎಸ್. ವಿಚಾರವನ್ನೂ ಬ್ಯಾಂಕಿನ ಅಧಿಕಾರಿಯೊಡನೆ ಮೊದಲೇ ಇತ್ಯರ್ಥಪಡಿಸಿಕೊಳ್ಳಬೇಕು.

ಮಾರುಕಟ್ಟೆ ಬೆಲೆಯಿಂದ ಈ ಎಲ್ಲ ಹೊರೆಗಳನ್ನು ಕಳೆದು ಉಳಿಯುವ ಮೊತ್ತವೇ ಸವಾಲಿನ ಗರಿಷ್ಠ ಮಿತಿ. ಈ ಉದಾಹರಣೆಯಲ್ಲಿ ಅದು 80 ಲಕ್ಷ, ಅಂದರೆ ಮೀಸಲು ಬೆಲೆಗೇ ಸಮ. ಹರಾಜಿನ ಹುರುಪಿನಲ್ಲಿ ಏರಿದ ಮೊತ್ತವನ್ನು ಮರುದಿನ ಇಳಿಸಲಾಗದು. ಆದುದರಿಂದ ಈ ಮಿತಿಯನ್ನು ಹಿಂದಿನ ದಿನವೇ ಕಾಗದದ ಮೇಲೆ ಬರೆದಿಟ್ಟು, ಅದನ್ನು ದಾಟದಿರುವುದೇ ಜಾಣ ವರ್ತಕನ ಲಕ್ಷಣ.